ನಾಣಿಯ ವಿಕಿಗೆ ಆಯುಧಪೂಜೆ

ನಾಣಿಗೆ ಬಂದ ಕಷ್ಟಕ್ಕೆಲ್ಲ ಮೂಲ ಒಂದು ಒಳ್ಳೆಯ ಮುಹೂರ್ತ. ಕೆಟ್ಟ ಗಳಿಗೆಯಲ್ಲಿ ಶುರು ಮಾಡಿದ ಕೆಲಸ ಕೆಡುವುದನ್ನು ನಾವೆಲ್ಲ ನೋಡಿದ್ದೇವೆ. ಒಳ್ಳೆಯ ಗಳಿಗೆಯಲ್ಲಿ ಶುರುವಾಗಿ, ಆ ಒಳ್ಳೆಯತನದಿಂದಲೇ ಕೆಟ್ಟ ಕೆಲಸವನ್ನು ನೋಡಬೇಕೆಂದರೆ ಕಾಮಾಕ್ಷಿಪಾಳ್ಯದ ‘ಗುರುಸಿದ್ಧ ಗ್ಯಾಸ್ಕೆಟ್ಸ್’ ಎಂಬ ಕಾರ್ಖಾನೆಗೇ ಬರಬೇಕು.

ಅಲ್ಲಿ ತಯಾರಾಗುವುದು ಕುಕ್ಕರ್ ಮುಚ್ಚಳಕ್ಕೆ ಹಾಕುವ ರಬ್ಬರ್ ಉಂಗುರ. ಮಾಲೀಕರು ಗೂಳಪ್ಪನವರು, ಬಾಗಲಕೋಟೆ ಕಡೆಯವರು. ಬೆಂಗಳೂರಿಗೆ ಬಂದು ತಲೆ ನರೆತರೂ ಊರ ಮಾತನ್ನು ಬಿಟ್ಟವರಲ್ಲ, ಬಾಯಿಮಾತನ್ನು ನಂಬಿದವರೂ ಅಲ್ಲ. ಹಿಂದಿನ ವರ್ಷ ಯಾರೋ ಅವರ ಕಿವಿಯಲ್ಲಿ ವಿಕಿ ಎಂಬ ಮಂತ್ರ ಊದಿದರು. ಕಾರ್ಖಾನೆಯ ಪ್ರತಿಯೊಂದು ವಿಷಯಕ್ಕೂ ಕಂಪ್ಯೂಟರಿನಲ್ಲಿ ಒಂದು ಪುಟ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ತಿದ್ದಬಹುದು. ರಬ್ಬರ್ ಎಷ್ಟು ಹೊತ್ತು ಬೇಯಬೇಕು ಎಂಬುದರಿಂದ ಹಿಡಿದು ಕ್ಯಾಂಟೀನಿನ ಉಪ್ಪಿಟ್ಟಿಗೆ ಎಷ್ಟು ಈರುಳ್ಳಿ ಎಂಬುದರ ತನಕ ಎಲ್ಲವೂ ಅದರೊಳಗೆ ಹೋಯಿತು. ‘ಪೇಜ್ ಇಲ್ಲದ್ದು ಮಾತಲ್ಲ’ ಎನ್ನುವುದು ಗೂಳಪ್ಪನವರ ಹೊಸ ಸಿದ್ಧಾಂತವಾಯಿತು.

ಇದನ್ನೆಲ್ಲ ನೋಡಿಕೊಳ್ಳಲು ಸಿಕ್ಕಿಬಿದ್ದವನು ನಾಣಿ, ಆಫೀಸಿನ ಹಳೆಯ ಗುಮಾಸ್ತ. ಒಮ್ಮೆ ಮಾಲೀಕರ ಫೋನಿನ ರಿಂಗ್‌ಟೋನ್ ಬದಲಾಯಿಸಿಕೊಟ್ಟ ತಪ್ಪಿಗೆ ಅವನಿಗೆ ಕಂಪ್ಯೂಟರ್ ಪಂಡಿತನೆಂಬ ಹೆಸರು ಅಂಟಿಕೊಂಡಿತ್ತು. ಹೆಸರು ಬಂದ ಮೇಲೆ ಉಳಿಸಿಕೊಳ್ಳಬೇಕಲ್ಲ? ಪುಟಗಳು ಹಳಸಬಾರದೆಂದು ಒಂದೊಂದಕ್ಕೂ ವಾಯಿದೆ ಇಟ್ಟು, ಬಣ್ಣದ ಲೇಬಲ್ ಅಂಟಿಸುವ ಏರ್ಪಾಡು ಮಾಡಿದ. ನಡೆಯುತ್ತಿರುವ ಪುಟಕ್ಕೆ ಹಸಿರು, ‘ಚಾಲ್ತಿ’. ವಾಯಿದೆ ಹತ್ತಿರ ಬಂದದ್ದಕ್ಕೆ ಹಳದಿ. ಮುಗಿದದ್ದಕ್ಕೆ ಕೆಂಪು. ಇನ್ನು ಬೇಡವೇ ಬೇಡ ಎನ್ನುವುದಕ್ಕೆ ಬೂದು ಬಣ್ಣ, ‘ಕಪಾಟು’. ಆ ಲೇಬಲ್ ಹತ್ತಿದ ಪುಟ ಕಣ್ಣಿಗೆ ಕಾಣದ ಹಾಗೆ ಒಳಗೆ ಹೋಗಿ ಕೂರುತ್ತಿತ್ತು.

ಲೇಬಲ್ಲಿನ ಮಾತುಗಳನ್ನು ನಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಬಹುದು ಎಂದು ನಾಣಿ ಎಲ್ಲರೆದುರು ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. ಮರುದಿನದಿಂದ ಎಲ್ಲರಿಗೂ ಅದೇ ಕೆಲಸ. ಹಳದಿಯ ಮೇಲಿದ್ದ ‘ವಾಯಿದೆ ಹತ್ತಿರವಿದೆ’ ಎಂಬುದು ಬೆದರಿಕೆಯ ಹಾಗಿದೆ ಎಂದು ಅಕೌಂಟ್ಸಿನ ಶುಭಾ ‘ಟೈಮ್ ಇದೆ ಬಿಡಿ’ ಎಂದು ಬರೆದಳು. ಫೋರ್‌ಮನ್ ಮುತ್ತುರಾಜ ‘ನಾನಿಲ್ಲದಾಗ ಮುಟ್ಟಬೇಡಿ’ ಎಂಬ ನೇರಳೆ ಲೇಬಲ್ ಸೃಷ್ಟಿಸಿ, ಕಕ್ಕಸು ತೊಳೆಯುವ ಪುಟಕ್ಕೂ ಅಂಟಿಸಿದ. ಕೆಂಪು ಲೇಬಲ್ಲಿಗೆ ಅಡ್ಡ ನಿಂತವರು ಗುರವ್ವ. ಅವರು ಗೂಳಪ್ಪನವರ ಅಕ್ಕ. ಕಾರ್ಖಾನೆಯ ಪೂಜೆ, ಕ್ಯಾಂಟೀನು, ಜನರ ರಜೆ ಮೂರೂ ಅವರ ಕೈಯಲ್ಲಿ.

“‘ವಾಯಿದೆ ಮುಗಿದಿದೆ’ ಅಂತ ದುಡಿಯೂ ಜಾಗಾದಾಗ ಯಾರರ ಬರೀತಾರೇನೋ ತಮ್ಮಾ? ಮನಿ ಬಿಟ್ಟು ಹೊಂಟಾಗ ಹೋಗ್ತೀನಿ ಅಂತೀವೇನು? ಬರ್ತೀನಿ ಅಂತೀವಿ. ಚಲೋ ಮಾತ ಬರಿ.”

“ಏನು ಬರೀಲಿ ಅಕ್ಕಾವ್ರೇ?” ಎಂದು ನಾಣಿ ಕೇಳಿದ.

“ಮುಂದಿನ ಪೂಜಿಗೆ ನೋಡೂಣು ಅಂತ ಬರಿ.”

ನಾಣಿ ಹಾಗೆಯೇ ಬರೆದ. ಅಂದಿನಿಂದ ವಾಯಿದೆ ಮುಗಿದ ಪುಟದ ನೆತ್ತಿಯ ಮೇಲೆ ‘ಮುಂದಿನ ಪೂಜೆಗೆ ನೋಡೋಣ’ ಎಂಬ ಕೆಂಪು ಪಟ್ಟಿ ತಾನಾಗಿ ಬರುತ್ತಿತ್ತು.

ಇಷ್ಟು ಸಾಲದೆಂಬಂತೆ ಒಮ್ಮೆ ಮುತ್ತುರಾಜ ವಾಯಿದೆ ಮುಗಿದ ಪುಟ ನೋಡಿಕೊಂಡು ರಬ್ಬರ್ ಬೇಯಿಸಿ, ಉಂಗುರಗಳೆಲ್ಲ ನಿಪ್ಪಟ್ಟಿನ ಹಾಗೆ ಮುರಿದವು. ಆಗ ನಾಣಿ ಕೋಪದಲ್ಲಿ ಒಂದು ನಿಯಮ ಬರೆದ: ‘ಹಸಿರಲ್ಲದ ಪುಟದ ಮಾತು ನಡೆಯುವುದಿಲ್ಲ.’ ಬರೆದದ್ದು ಎಷ್ಟು ಚೆನ್ನಾಗಿ ಕಂಡಿತೆಂದರೆ ಪ್ರಿಂಟ್ ತೆಗೆದು, ಸ್ವಂತ ಖರ್ಚಿನಲ್ಲಿ ಕಟ್ಟು ಹಾಕಿಸಿ, ಮಾಲೀಕರ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ.

ಇನ್ನು ಮುಹೂರ್ತದ ವಿಷಯ. ವಿಕಿ ಶುರುವಾದದ್ದು ಹೋದ ವರ್ಷದ ಆಯುಧಪೂಜೆಯ ದಿನ. “ವಾಯಿದೆ ಯಾವತ್ತಿಗೆ ಇಡ್ಲಿ ಸಾರ್?” ಎಂದು ನಾಣಿ ಕೇಳಿದ್ದಕ್ಕೆ ಗೂಳಪ್ಪನವರು, “ಪೂಜಿಗೆ ಶುರು ಮಾಡೀವಿ, ಪೂಜಿಗೆ ಮುಗಿಲಿ” ಎಂದಿದ್ದರು. ನಾಣಿ ಕ್ಯಾಲೆಂಡರ್ ನೋಡಿ ಎಲ್ಲ ಪುಟಗಳಿಗೂ ಈ ವರ್ಷದ ಆಯುಧಪೂಜೆಯ ತಾರೀಖನ್ನೇ ಹಾಕಿದ್ದ. ಆಮೇಲೆ ಬಂದ ಪುಟಗಳಿಗೂ ಅದೇ ತಾರೀಖು. ಅವುಗಳಲ್ಲಿ ‘ನಾಣಿಗೆ ದಸರಾ ರಜೆ’ ಎಂಬ ಪುಟವೂ ಒಂದು.

ಈ ರಜೆಯ ಹಿಂದೆ ಒಂದು ಸಮುದ್ರವಿತ್ತು. ನಾಣಿಯ ಹೆಂಡತಿ ಪಂಕಜಾ ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾಣಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಅದು ಇಷ್ಟು ವರ್ಷ ಮಾತಾಗಿಯೇ ಉಳಿದಿತ್ತು. ಈ ಸಲ ಪೂಜೆಯ ಸಂಜೆಯೇ ಗೋಕರ್ಣದ ಬಸ್ಸಿಗೆ ಎರಡು ಸೀಟು ಹಿಡಿದಾಗಿತ್ತು. ಪಂಕಜಾ ಮರಳಿನಲ್ಲಿ ನಡೆಯಲೆಂದು ಹೊಸ ಚಪ್ಪಲಿ ತೆಗೆದುಕೊಂಡು, ಅದನ್ನು ದೇವರ ಕೋಣೆಯ ಪಕ್ಕದಲ್ಲೇ ಇಟ್ಟಿದ್ದಳು. ಗೂಳಪ್ಪನವರೂ ಒಪ್ಪಿದ್ದರು, ಗುರವ್ವನೂ ಪುಟಕ್ಕೆ ಒಪ್ಪಿಗೆ ಒತ್ತಿದ್ದರು. ಒಂದೇ ಷರತ್ತು. ಪೂಜೆಗೆ ಕುಕ್ಕರ್ ಕಂಪನಿಯ ದೊಡ್ಡ ಅಧಿಕಾರಿ ಸಿದ್ಧಾರ್ಥ ಅವರು ಬರುತ್ತಾರೆ. ಶೆಡ್ಡಿನ ಗೋಡೆಯ ಟಿವಿಯಲ್ಲಿ ಕಾಣುವ ವಿಕಿಯಲ್ಲಿ ಒಂದೇ ಒಂದು ಕೆಂಪು ಇರಬಾರದು.

ಎಲ್ಲ ಪುಟಗಳನ್ನೂ ಒಟ್ಟಿಗೆ ಆರಿಸಿ ‘ನವೀಕರಿಸು’ ಎಂದು ಒತ್ತಿದರೆ ಮುಗಿಯುವ ಕೆಲಸ. ನಾಣಿ ಒಂದು ತಿಂಗಳಿಂದ ಅದನ್ನು ಮಾಡಬೇಕೆಂದು ಕಂಪ್ಯೂಟರ್ ತೆರೆಯುತ್ತಿದ್ದ. ತೆರೆದರೆ ಪುಟಪುಟದ ಮೇಲೂ ‘ಟೈಮ್ ಇದೆ ಬಿಡಿ’ ಎಂದು ಹಳದಿಯಲ್ಲಿ ಕಾಣುತ್ತಿತ್ತು. ಸರಿ ಎಂದು ಬಿಡುತ್ತಿದ್ದ. ಹಿಂದಿನ ದಿನವಂತೂ ಗುರವ್ವ ಅವನನ್ನು ಸೇವಂತಿಗೆ, ಬೂದುಗುಂಬಳ ತರಲು ಮಾರ್ಕೆಟ್ಟಿಗೆ ಅಟ್ಟಿದ್ದರು. ಬೆಳಿಗ್ಗೆ ಬೇಗ ಹೋಗಿ ಒತ್ತಿದರಾಯಿತು ಎಂದುಕೊಂಡ.

“ರೀ, ಟೋಲ್‌ಗೇಟ್ ಹತ್ರ ಬಸ್ಸು. ನಾನು ಬ್ಯಾಗ್ ತಗೊಂಡು ಸೀದಾ ಅಲ್ಲಿಗೇ ಬಂದ್ಬಿಡ್ತೀನಿ. ನೀವು ಫ್ಯಾಕ್ಟರಿಯಿಂದ ಹಂಗೇ ಬನ್ನಿ” ಎಂದು ಗೋವಿಂದರಾಜನಗರದ ಮನೆಯ ಬಾಗಿಲಲ್ಲಿ ನಿಂತು ಪಂಕಜಾ ಹೇಳಿದಳು. “ಈ ಸಲಾನಾದ್ರೂ ಬರ್ತೀರಿ ತಾನೆ?”

“ಬರ್ದೇ ಏನು ಕಣೇ? ಒಂದು ಬಟನ್ ಒತ್ತೋದು, ಪ್ರಸಾದ ತಗೊಳ್ಳೋದು, ಹೊರಡೋದು” ಎಂದ ನಾಣಿ, ನಿಂಬೆಹಣ್ಣಿನ ಮೇಲೆ ಸ್ಕೂಟರ್ ಹತ್ತಿಸಿ ಹೊರಟ.

ಕಾರ್ಖಾನೆಯ ಬಾಗಿಲಲ್ಲಿ ಬಾಳೆಕಂಬ, ಮಾವಿನ ತೋರಣ. ಒಳಗೆ ಹೋದ ನಾಣಿ ಮೊದಲು ಟಿವಿ ನೋಡಿದ. ರಾತ್ರಿ ಕಳೆದು ತಾರೀಖು ಬದಲಾಗಿತ್ತು. ಮೇಲಿಂದ ಕೆಳಗಿನ ತನಕ ಒಂದು ಪುಟವೂ ತಪ್ಪದಂತೆ ಎಲ್ಲವೂ ಕೆಂಪು. ಎದುರಿಗೆ ಗುರವ್ವ ಆರತಿ ತಟ್ಟೆ ಹಿಡಿದು ಕಣ್ತುಂಬ ನೋಡುತ್ತ ನಿಂತಿದ್ದರು.

“ಏನ್ ಚಂದ ಕಾಣಾಕತ್ತೈತೋ ತಮ್ಮಾ! ಗೋಡಿಗೆ ಕುಂಕುಮ ಬಳದಂಗ ಐತಿ. ಹಬ್ಬಕ್ಕಂತ ಮಾಡೀಯೇನು?”

ನಾಣಿ ತನ್ನ ಮೇಜಿನ ಕಡೆ ಓಡಿದ. ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಅಂದರೆ ಇತ್ತು, ಕಾಣುತ್ತಿರಲಿಲ್ಲ. ಸೇವಂತಿಗೆ ಹಾರ, ಅದರ ಮೇಲೆ ಚೆಂಡುಹೂವು, ಪರದೆಯ ಮೇಲೆ ಮೂರು ಬೆರಳಿನ ವಿಭೂತಿ, ಮೌಸಿಗೆ ಅರಿಶಿನದ ದಾರ. ಕೀಬೋರ್ಡಿನ ಒಂದೊಂದು ಗುಂಡಿಗೂ ಒಂದೊಂದು ಕುಂಕುಮದ ಬೊಟ್ಟು. ‘ಎಂಟರ್’ ದೊಡ್ಡದಾದ್ದರಿಂದ ಅದಕ್ಕೆ ಬೊಟ್ಟಿನ ಮೇಲೆ ಅಕ್ಷತೆಯೂ ಬಿದ್ದಿತ್ತು.

“ಕೈ ತಗಿ!” ಗುರವ್ವನ ದನಿಗೆ ಹಿತ್ತಾಳೆ ಗಂಟೆಯೂ ನಡುಗಿತು. “ಇದರ ಪೂಜಿ ಆಗೇತಿ. ಇನ್ನ ನಾಳೆ ವಿಜಯದಶಮಿ ಪೂಜಿ ಮುಗಿಯೂತನಕ ಮುಟ್ಟಾಂಗಿಲ್ಲ.”

“ಅಕ್ಕಾವ್ರೇ, ಒಂದೇ ಒಂದು ಬಟನ್ನು…”

“ವರ್ಷೊಪ್ಪತ್ತು ದುಡಿತೈತಿ ಅದು. ಒಂದ ದಿನಾ ಮಲಗಲಿ ಬಿಡೋ. ನಿನಗ ರಜಾ ಬೇಕು, ಅದಕ್ಕ ಬ್ಯಾಡೇನು?”

ನಾಣಿ ಕೀಬೋರ್ಡಿನಿಂದ ಕೈ ತೆಗೆದ. ಹೋಗಲಿ, ಫೋನಿನಲ್ಲಿ ಮಾಡಿದರಾಯಿತು ಎಂದು ಜೇಬಿಗೆ ಕೈ ಹಾಕಿ ಫೋನ್ ಹೊರತೆಗೆದ. ಗುರವ್ವ ಅದನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡು, ಹರಿವಾಣದಲ್ಲಿದ್ದ ಬೇರೆ ಫೋನುಗಳ ಸಾಲಿನಲ್ಲಿಟ್ಟು, ಅದಕ್ಕೂ ಒಂದು ಬೊಟ್ಟಿಟ್ಟರು.

“ಅದು ಫೋನು ಅಕ್ಕಾವ್ರೇ! ಆಯುಧ ಅಲ್ಲ!”

“ಮುಂಜಾನಿಂದ ರಾತ್ರಿತನಕ ಕೈಯಾಗ ಏನ ಹಿಡಕೊಂಡಿರ್ತಿ? ಇದನ್ನ ಹೌದಲ್ಲೋ? ಅಂದಮ್ಯಾಲ ಇದ ನಿನ್ನ ಆಯುಧ. ನಾಳೆ ತಗೊ.”

ಗೋಡೆಯ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಹನ್ನೊಂದಕ್ಕೆ ಗೂಳಪ್ಪನವರು ಅಧಿಕಾರಿಯನ್ನು ಕರೆದುಕೊಂಡು ಬರುವವರಿದ್ದರು. ನಾಣಿ ಬೀದಿಗೆ ಬಿದ್ದ.

ಮೂಲೆಯ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಹೂವಿನಲ್ಲಿ ಮುಳುಗಿತ್ತು. “ಮುಟ್ಟಂಗಿಲ್ಲ ಸಾರ್, ಪ್ರಸಾದ ತಗೊಳ್ಳಿ” ಎಂದು ಅಂಗಡಿಯವನು ಕಡ್ಲೆಪುರಿಯ ಪೊಟ್ಟಣ ಕೊಟ್ಟ. ಅದರಾಚೆಯ ಬ್ರೌಸಿಂಗ್ ಸೆಂಟರಿನಲ್ಲಿ ಅಷ್ಟೂ ಕಂಪ್ಯೂಟರುಗಳು ಮದುವೆಗೆ ನಿಂತ ವರಗಳ ಹಾಗೆ ಹಾರ ಹಾಕಿಕೊಂಡು ಸಾಲಾಗಿ ಕೂತಿದ್ದವು. ಅಲ್ಲೂ ಕಡ್ಲೆಪುರಿ, ಜೊತೆಗೆ ಬಾಳೆಹಣ್ಣು. ಲೇತ್ ಮಷೀನಿನವರು, ಪಂಕ್ಚರ್ ಅಂಗಡಿಯವರು, ಸಲೂನಿನವರು ಎಲ್ಲರೂ ಕರೆದು ಕರೆದು ಪುರಿ ಕೊಟ್ಟರು. ಮಾಗಡಿ ರೋಡಿನುದ್ದಕ್ಕೂ ಒಂದು ಗುಂಡಿ ಒತ್ತಲು ಗತಿಯಿಲ್ಲದೆ ಅಲೆದ ನಾಣಿಯ ಎರಡೂ ಕಂಕುಳಲ್ಲಿ ಪುರಿಯ ಚೀಲಗಳು ಸೇರಿಕೊಂಡವು.

ಕೊನೆಗೆ ಒಬ್ಬ ಆಟೋದವನು ಕರುಣೆಯಿಂದ ತನ್ನ ಫೋನ್ ಕೊಟ್ಟ. “ನಂಗೆ ಆಟೋನೇ ಆಯುಧ ಸಾರ್. ಫೋನ್ ಬರೀ ತಲೆನೋವು. ತಗೊಳ್ಳಿ.”

ನಾಣಿ ವಿಕಿ ತೆರೆದು ಹೆಸರು ಹಾಕಿದ, ಪಾಸ್‌ವರ್ಡ್ ಹಾಕಿದ. ಪರದೆಯ ಮೇಲೆ ಬಂತು: ‘ನಿಮ್ಮ ಮೊಬೈಲಿಗೆ ಓಟಿಪಿ ಕಳಿಸಲಾಗಿದೆ.’

ಅವನ ಮೊಬೈಲು ಹರಿವಾಣದಲ್ಲಿ ಊದಿನಕಡ್ಡಿಯ ಹೊಗೆ ಕುಡಿಯುತ್ತ ಮಲಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ನಾಣಿ ಆಟೋದವನಿಗೆ ಒಂದು ಚೀಲ ಪುರಿ ಕೊಟ್ಟು ಕಾರ್ಖಾನೆಗೆ ವಾಪಸು ಓಡಿದ.

“ಏನ್ ಸಾರ್, ಪುರಿ ವ್ಯಾಪಾರ ಶುರು ಮಾಡಿದ್ರಾ?” ಎಂದ ಮುತ್ತುರಾಜ.

ನಾಣಿ ಅಳು ಬರುವ ದನಿಯಲ್ಲಿ ಎಲ್ಲವನ್ನೂ ಹೇಳಿಕೊಂಡ. ಕೇಳಿದ ಶುಭಾ ಟಿವಿಯ ಕಡೆ ಬೊಟ್ಟು ಮಾಡಿದಳು. “ಸಾರ್, ಟಿವಿಯಲ್ಲಿ ನಿಮ್ಮ ವಿಕಿ ಆಗಲೇ ಓಪನ್ ಆಗಿದೆ ಅಲ್ವಾ? ರಿಮೋಟಲ್ಲೇ ಮಾಡ್ಬಹುದಲ್ಲ?”

ನಾಣಿಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಈಗ ರಿಮೋಟ್ ಎಲ್ಲಿ? ಮೇಜಿನ ಕೆಳಗೆ ಹುಡುಕಿದರು, ಹೂವಿನ ಬುಟ್ಟಿಯಲ್ಲಿ ಹುಡುಕಿದರು. ಕೊನೆಗೆ ಮುತ್ತುರಾಜ ಕುರ್ಚಿಯಿಂದ ಎದ್ದಾಗ ಅದು ಅವನ ಕೆಳಗೇ ಸಿಕ್ಕಿತು. ಬೆಳಿಗ್ಗೆಯಿಂದ ಅವನು ಅದರ ಮೇಲೆ ಕೂತಿದ್ದ. ಹಾಗಾಗಿ ಅದೊಂದು ಮಾತ್ರ ಗುರವ್ವನ ಕುಂಕುಮದಿಂದ ಪಾರಾಗಿತ್ತು.

ಗುರವ್ವ ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿದರು. “ಪೂಜಿ ಆಗದ್ದು ಮುಟ್ಟಿದ್ರ ದೋಷ ಇಲ್ಲ. ಲಗೂನ ಮುಗಸು” ಎಂದು ತೀರ್ಪು ಕೊಟ್ಟರು.

ನಾಣಿ ಟಿವಿಯ ಎದುರು ನಿಂತ. ಅವನ ಹಿಂದೆ ಇಡೀ ಕಾರ್ಖಾನೆ ನಿಂತಿತು, ಕಡ್ಲೆಪುರಿ ಜಗಿಯುತ್ತ. ಕಂಪ್ಯೂಟರಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸ ರಿಮೋಟಿನಲ್ಲಿ ಬಸವನಹುಳುವಿನ ಹಾಗೆ ಸಾಗಿತು.

“ಮೇಲೆ ಸಾರ್, ಮೇಲೆ! ಅಯ್ಯೋ, ಎಡಕ್ಕೆ!”

“ಎಡಕ್ಕೆ ಅಲ್ಲ ಕಣಮ್ಮಾ, ಬಲಕ್ಕೆ! ಸಾರ್, ನನ್ನ ಮಾತು ಕೇಳಿ!”

“ಸಾರ್, ಹಂಗೇ ಆ ಲೇಟ್ ಬಂದೋರ ಪೇಜ್ ಒಂದನ್ನ ಕಪಾಟಿಗೆ ಹಾಕ್ಬಿಡಿ. ಹಬ್ಬದ ದಿನ ಪುಣ್ಯ ಬರತ್ತೆ” ಎಂದಳು ಶುಭಾ.

“ಹಾಕೋದಾದ್ರೆ ನೈಟ್ ಶಿಫ್ಟ್ ಪೇಜನ್ನೂ ಹಾಕಿ ಸಾರ್” ಎಂದ ಮುತ್ತುರಾಜ.

“ಉಪ್ಪಿಟ್ಟಿಂದೂ!” ಎಂದು ಹಿಂದಿನಿಂದ ಯಾರೋ ಕೂಗಿದರು. ಗುರವ್ವ ತಿರುಗಿ ನೋಡಿದ್ದೇ ತಡ, ಕೂಗಿದವರು ಯಾರೂ ಇರಲಿಲ್ಲ.

“ಯಾರದ್ದನ್ನೂ ಕಪಾಟಿಗೆ ಹಾಕಲ್ಲ! ಎಲ್ಲಾ ರಿನ್ಯೂ!” ಎಂದು ನಾಣಿ ಬೆವರೊರೆಸಿಕೊಂಡ. ‘ಎಲ್ಲವನ್ನೂ ಆರಿಸು’ ಎಂಬಲ್ಲಿಗೆ ತಲುಪಿ ಒತ್ತಿದ. ಕೆಂಪು ಪುಟಗಳೆಲ್ಲ ಒಟ್ಟಿಗೆ ಮಿನುಗಿದವು. ಮುಂದೆ ಎರಡೇ ಗುಂಡಿ, ಪಕ್ಕಪಕ್ಕದಲ್ಲಿ. ಎಡಕ್ಕೆ ‘ನವೀಕರಿಸು’. ಬಲಕ್ಕೆ ‘ಕಪಾಟಿಗೆ ಹಾಕು’. ನಾಣಿ ಎಡದ ಗುಂಡಿಯ ಮೇಲೆ ಬಂದು ನಿಂತು, ಮನಸ್ಸಿನಲ್ಲೇ ಪಂಕಜಾಳ ಹೊಸ ಚಪ್ಪಲಿ ನೆನೆದು ಹೆಬ್ಬೆರಳೆತ್ತಿದ.

ಅದೇ ಗಳಿಗೆಗೆ ಗೂಳಪ್ಪನವರ ಕಾರು ಗೇಟಿಗೆ ಬಂತು. ದೃಷ್ಟಿ ತಗುಲದಿರಲೆಂದು ವಾಚ್‌ಮನ್ ಎಲ್ಲಕ್ಕಿಂತ ದೊಡ್ಡ ಬೂದುಗುಂಬಳವನ್ನು ತಲೆಯ ಮೇಲೆತ್ತಿ ಧೊಪ್ಪೆಂದು ನೆಲಕ್ಕೆ ಒಗೆದ. ನಾಣಿ ಒಂದು ಮೊಳ ಮೇಲಕ್ಕೆ ಹಾರಿದ. ಹೆಬ್ಬೆರಳು ಜಾರಿ ರಿಮೋಟಿನ ಬಲಬಾಣವನ್ನು ಒಮ್ಮೆ ಒತ್ತಿತು. ಗಾಬರಿಯಲ್ಲಿ ‘ಓಕೆ’ಯನ್ನೂ ಒತ್ತಿತು.

ಟಿವಿಯ ಮೇಲೆ ಒಂದು ಕ್ಷಣ ಬೂದು ಬಣ್ಣ ಹರಡಿತು. ಆಮೇಲೆ ಏನೂ ಇಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ ಪರದೆ ಖಾಲಿಯಾಯಿತು. ಒಂದು ವರ್ಷದ ವಿಕಿ ಅಷ್ಟೂ ಕಪಾಟು ಸೇರಿತ್ತು.

ಶೆಡ್ಡಿನಲ್ಲಿ ಯಾರೂ ಪುರಿ ಜಗಿಯಲಿಲ್ಲ. ಬಾಗಿಲಲ್ಲಿ ಗೂಳಪ್ಪನವರು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ಸಿದ್ಧಾರ್ಥ. ಇಬ್ಬರೂ ಟಿವಿ ನೋಡಿದರು. ನಾಣಿ ಕಣ್ಣು ಮುಚ್ಚಿಕೊಂಡ.

“ವಾವ್!” ಎಂದರು ಸಿದ್ಧಾರ್ಥ. “ನಮ್ಮ ಆಫೀಸಲ್ಲಿ ಪೆಂಡಿಂಗ್ ತೋರ್ಸೋಕೆ ಗೋಡೆ ಪೂರ್ತಿ ಸ್ಕ್ರೀನ್ ಹಾಕಿದೀವಿ, ಆದ್ರೂ ಸಾಲ್ತಿಲ್ಲ. ನಿಮ್ಮಲ್ಲಿ ಒಂದೂ ಇಲ್ವಲ್ಲ ಸಾರ್!”

ಗೂಳಪ್ಪನವರ ಮುಖ ಹೋಳಿಗೆಯ ಹಾಗೆ ಅರಳಿತು. “ಒಂದೂ ಕೆಂಪ ಇಲ್ಲ! ಶಾಭಾಷ್ ನಾಣಿ! ನಮ್ಮ ಹುಡುಗ ಅಂದ್ರ ಹಂಗ ನೋಡ್ರಿ.” ಐವತ್ತು ದಾಟಿದ ಹುಡುಗ ಕಣ್ಣು ಬಿಟ್ಟ. ಬದುಕಿದೆನೆಂದು ಗೊತ್ತಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಪೂಜೆ ಭರ್ಜರಿಯಾಗಿ ನಡೆಯಿತು. ಸಿದ್ಧಾರ್ಥ ಕೋಸಂಬರಿ ತಿಂದು, ಹೊಸ ಆರ್ಡರ್ ಕೊಡುವುದಾಗಿ ಹೇಳಿ, ಖಾಲಿ ಟಿವಿಯ ಮುಂದೆ ಸೆಲ್ಫಿ ತೆಗೆದುಕೊಂಡು ಹೋದರು. ಅವರ ಫೋನನ್ನು ಮಾತ್ರ ಗುರವ್ವ ಅತಿಥಿ ಎಂದು ಬಿಟ್ಟಿದ್ದರು. ನಾಣಿ ಮಾತ್ರ ಗಾಳಿಯಲ್ಲಿ ನಡೆಯುತ್ತಿದ್ದ. ವಾಪಸು ಬಂದ ಮೇಲೆ ಕಪಾಟಿನ ಕತೆ ನೋಡಿಕೊಂಡರಾಯಿತು. ನಾಲ್ಕು ಗಂಟೆಗೆ ಪುರಿಯ ಚೀಲ ಹೆಗಲಿಗೇರಿಸಿಕೊಂಡು ಮಾಲೀಕರ ಕೋಣೆಗೆ ಹೋದ.

“ಸಾರ್, ನಾನು ಹೊರಡ್ತೀನಿ. ಗೋಕರ್ಣಕ್ಕೆ.”

“ಹೋಗ್ ಬಾ ತಮ್ಮಾ. ಬಾಯಾರ ಜೋಡಿ ಸಮುದ್ರ ನೋಡಿ ಬಾ” ಎಂದ ಗೂಳಪ್ಪನವರು, ಅಭ್ಯಾಸಬಲದಿಂದ ಕಿಟಕಿಯಾಚೆಯ ಟಿವಿಯತ್ತ ಕತ್ತು ಚಾಚಿದರು. “ರಜಾದ ಪೇಜ್ ತೋರಸು, ನೋಡೂಣು.”

ನಾಣಿ ಹೆಗಲಿನ ಚೀಲ ಕೆಳಗಿಳಿಸಿದ. “ಪೇಜು… ಕಪಾಟಲ್ಲಿದೆ ಸಾರ್.”

“ಯಾಕ? ಉಳಿದಾವು?”

“ಅವೂ ಕಪಾಟಲ್ಲೇ ಇವೆ ಸಾರ್.”

ಗೂಳಪ್ಪನವರಿಗೆ ವಿಷಯ ಅರ್ಥವಾಗಲು ಒಂದು ಲೋಟ ಚಹಾದಷ್ಟು ಹೊತ್ತು ಬೇಕಾಯಿತು. ಅವರು ಬೈಯುತ್ತಾರೆಂದು ನಾಣಿ ಕಾದ. ಅವರು ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಲೆಯ ಹಿಂದಿನ ಗೋಡೆಯತ್ತ ಹೆಬ್ಬೆರಳು ತೋರಿಸಿದರು. ಅಲ್ಲಿ ಕಟ್ಟು ಹಾಕಿಸಿದ ನಿಯಮಕ್ಕೆ ಗುರವ್ವ ಆಗಲೇ ಹಾರ ಹಾಕಿದ್ದರು: ‘ಹಸಿರಲ್ಲದ ಪುಟದ ಮಾತು ನಡೆಯುವುದಿಲ್ಲ.’

“ನೀವೇ ಒಪ್ಪಿದ್ರಲ್ಲ ಸಾರ್!”

“ಒಪ್ಪೀನಿ, ಬಾಯಿಲೆ. ಇದನ್ನ ಬರದಾಂವ ಯಾರು? ನಾನಲ್ಲಪಾ.” ಗೂಳಪ್ಪನವರ ದನಿಯಲ್ಲಿ ನಿಜವಾದ ಪ್ರೀತಿಯಿತ್ತು, ಅದೇ ನಾಣಿಗೆ ಹೆಚ್ಚು ಉರಿಯಿತು. “ಪೇಜ್ ಇಲ್ಲದ ಮಷೀನ್ ಹೆಂಗ ಓಡಸೂದು? ರಬ್ಬರ್ ಮತ್ತ ನಿಪ್ಪಟ್ಟ ಆಗಬೇಕೇನು? ಎಲ್ಲಾ ಹೊಸಾದ ಬರಿ. ನಾಳೆ ವಿಜಯದಶಮಿ. ಬರಿಯೂದು ಶುರು ಮಾಡಾಕ ಇದಕ್ಕಿಂತ ಚಲೋ ಮುಹೂರ್ತ ಐತೇನು?”

ಮತ್ತೆ ಒಳ್ಳೆಯ ಮುಹೂರ್ತ! “ಟಿಕೆಟ್ ತಗೊಂಡಾಗಿದೆ ಸಾರ್. ಪಂಕಜಾ ಬ್ಯಾಗ್ ಹಿಡ್ಕೊಂಡು ಬಸ್ ಹತ್ರ ಕಾಯ್ತಿರ್ತಾಳೆ.”

“ಟಿಕೇಟ್ ಯಾಕ ಕೆಡಸ್ತಿ?” ಎಂದಿತು ಬಾಗಿಲ ಕಡೆಯ ದನಿ. ಗುರವ್ವ ನಿಂತಿದ್ದರು, ಸೀರೆಯ ಸೆರಗು ಬಿಗಿದು. “ದಶಮಿ ದಿನಾ ಸಮುದ್ರ ಸ್ನಾನಾ, ಮಹಾಬಳೇಶ್ವರನ ದರ್ಶನ! ನಾನೂ ಸಮುದ್ರ ನೋಡಿಲ್ಲೋ ಯಪ್ಪಾ. ಆ ಹೆಣಮಗಳಿಗೂ ಜೋಡಿ ಆಗ್ತೈತಿ.”

ಗೂಳಪ್ಪನವರು ಮೇಜು ಕುಟ್ಟಿದರು. “ಭೇಷ್ ಮಾತಾತು ನೋಡಕ್ಕಾ!”

ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರದೆ ಗುರವ್ವನ ಬಾಯಿಗೆ ಹೋಯಿತು.

ಟೋಲ್‌ಗೇಟಿನ ಹತ್ತಿರ ಪಂಕಜಾ ಹೊಸ ಚಪ್ಪಲಿ ಹಾಕಿಕೊಂಡೇ ನಿಂತಿದ್ದಳು. ಸ್ಕೂಟರಿನ ಹಿಂದಿನ ಸೀಟಿನಿಂದ ಬುತ್ತಿ ಗಂಟಿನ ಸಮೇತ ಇಳಿದ ಗುರವ್ವನನ್ನು ಕಂಡು ಅವಳ ಹುಬ್ಬು ಮೇಲೇರಿತು.

“ರೀ, ಫೋನ್ ಯಾಕ್ರೀ ಎತ್ತಲ್ಲ? ಮಧ್ಯಾಹ್ನದಿಂದ ಮಾಡ್ತಾನೇ ಇದೀನಿ.”

“ಫೋನಿಗೆ ಪೂಜೆ ಆಗಿದೆ ಕಣೇ.”

ಉಳಿದದ್ದನ್ನು ಕೇಳುತ್ತ ಕೇಳುತ್ತ ಅವಳ ಮುಖ ಬಾಡಿದ್ದು ನೋಡಿ ನಾಣಿಗೆ ನಿಜವಾಗಿಯೂ ಅಳು ಬಂತು. ಈ ಮಾತು ಉಳಿಸಿಕೊಳ್ಳಲು ಅವನಿಗೆ ಬೇಕಾಗಿದ್ದದ್ದು ಒಂದೇ ಗುಂಡಿ. “ನೀನೂ ಉಳ್ಕೊಂಡ್ಬಿಡು, ಮುಂದೆ ಯಾವಾಗಾದ್ರೂ ಒಟ್ಟಿಗೆ ಹೋಗೋಣ” ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಗುರವ್ವ ಗಂಟು ಬಿಚ್ಚಿ, “ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ ಮಾಡೀನಿ ನೋಡವ್ವಾ. ಕಿಟಕಿ ಕಡೆ ನೀನ ಕುಂದ್ರು” ಎಂದರು. ಪಂಕಜಾ ಒಮ್ಮೆ ಗಂಡನ ಮುಖ ನೋಡಿದಳು, ಒಮ್ಮೆ ಬೆಲ್ಲ, ಏಲಕ್ಕಿ ಘಮಘಮಿಸುವ ಮಾದಲಿಯ ಡಬ್ಬಿ ನೋಡಿದಳು. ಆಮೇಲೆ ಬಸ್ಸು ಹತ್ತಿದಳು.

“ಫ್ರಿಜ್ಜಲ್ಲಿ ಸಾರಿದೆ ರೀ, ಅನ್ನ ಮಾಡ್ಕೊಳ್ಳಿ” ಎಂದು ಕಿಟಕಿಯಿಂದ ಕೈಬೀಸಿದಳು. ನಾಣಿ ಉಳಿದಿದ್ದ ಪುರಿಯ ಚೀಲವನ್ನು ಅವಳ ಕೈಗೆ ಕೊಟ್ಟ.

ವಿಜಯದಶಮಿಯ ಬೆಳಿಗ್ಗೆ ಗೂಳಪ್ಪನವರೇ ಕಂಪ್ಯೂಟರಿಗೆ ಕಾಯಿ ಒಡೆದು, ದಾರ ಬಿಚ್ಚಿ, ಮೌಸನ್ನು ನಾಣಿಯ ಕೈಗೆ ಕೊಟ್ಟರು. “ಶ್ರೀಕಾರ ಹಾಕು.” ನಾಣಿ ಕುಂಕುಮದ ಕೀಬೋರ್ಡನ್ನು ಒರೆಸಿ ವಿಕಿ ತೆರೆದ. ಖಾಲಿ ಪುಟದ ಕೆಳಗಡೆ, ಟಿವಿಯಲ್ಲಿ ಎಂದೂ ಕಣ್ಣಿಗೆ ಬೀಳದಷ್ಟು ಚಿಕ್ಕ ಅಕ್ಷರದಲ್ಲಿ ಒಂದು ಸಾಲಿತ್ತು: ‘ಕಪಾಟಿನಿಂದ ಎಲ್ಲವನ್ನೂ ಹೊರಗೆ ತೆಗೆ.’

ನಾಣಿ ಅದನ್ನು ಒತ್ತಿದ. ಅಷ್ಟೂ ಪುಟಗಳು, ಉಪ್ಪಿಟ್ಟಿನದೂ ಸೇರಿ, ಬುಳುಬುಳು ಎಂದು ವಾಪಸು ಬಂದವು. ಹಿಂದೆ ನಿಂತಿದ್ದ ಶುಭಾ, ಮುತ್ತುರಾಜ ಇಬ್ಬರೂ ನಿಟ್ಟುಸಿರು ಬಿಟ್ಟರು. ನಾಣಿ ಕುರ್ಚಿಯಿಂದ ಜಿಗಿದೆದ್ದ.

“ಸಾರ್! ಎಲ್ಲಾ ಬಂತು ಸಾರ್! ಬರೆಯೋದೇ ಬೇಡ! ನಾನು ಈಗಲೇ ಹೊರಟ್ರೆ ಸಂಜೆಗೆ ಗೋಕರ್ಣ ಮುಟ್ತೀನಿ!”

“ಹೋಗಪಾ, ಹೋಗು” ಎಂದು ಗೂಳಪ್ಪನವರು ಟಿವಿ ನೋಡಿದರು. “ಆದ್ರ ಎಲ್ಲಾ ಕೆಂಪ ಅದಾವಲ್ಲೋ?”

ಹೌದಲ್ಲ! ಕೆಂಪಾಗಿಯೇ ಒಳಗೆ ಹೋದ ಪುಟಗಳು ಕೆಂಪಾಗಿಯೇ ಹೊರಗೆ ಬಂದಿದ್ದವು. ನಾಣಿ ನಗುತ್ತ ಕೂತು ಎಲ್ಲವನ್ನೂ ಆರಿಸಿ, ಈ ಸಲ ಎರಡೆರಡು ಬಾರಿ ನೋಡಿಕೊಂಡು, ‘ನವೀಕರಿಸು’ ಒತ್ತಿದ. ಪುಟಗಳೆಲ್ಲ ಹಸಿರಾದವು. ರಜೆಯ ಪುಟವೊಂದು ಆಗಲಿಲ್ಲ. ರಜೆಯ ಪುಟವನ್ನು ನವೀಕರಿಸಲು ಗುರವ್ವನ ಒಪ್ಪಿಗೆ ಹೊಸದಾಗಿ ಬೇಕಿತ್ತು.

ಹರಿವಾಣದಿಂದ ಫೋನ್ ಎತ್ತಿಕೊಂಡು ನಾಣಿ ಹೆಂಡತಿಗೆ ಕರೆ ಮಾಡಿದ. ಅತ್ತ ಕಡೆಯಿಂದ ಅಲೆಯ ಸದ್ದು, ಅದಕ್ಕಿಂತ ಜೋರಾಗಿ ಇಬ್ಬರು ಹೆಂಗಸರ ನಗು. “ರೀ, ಎಷ್ಟು ದೊಡ್ಡದಿದೆ ಗೊತ್ತಾ! ಇರಿ, ಅಕ್ಕ ಮಾತಾಡ್ತಾರಂತೆ” ಎಂದಳು ಪಂಕಜಾ.

“ಅಕ್ಕಾವ್ರೇ, ಫೋನಲ್ಲೇ ಒಂದು ಬಟನ್ ಒತ್ತಿಬಿಡಿ, ಪಂಕಜಾ ತೋರಿಸ್ತಾಳೆ. ನನ್ನ ರಜದ ಪೇಜಿಗೆ ಒಪ್ಪಿಗೆ…”

“ಯಪ್ಪಾ, ನಾ ರಜಾದಾಗ ಅದೀನಿ” ಎಂದರು ಗುರವ್ವ. “ರಜಾದಾಗ ಇದ್ದವ್ರಿಗೆ ಆಫೀಸ್ ಕೆಲಸ ಹೇಳಬಾರದು ಅಂತ ನೀನ ಬರದೀಯಲ್ಲೋ ವಿಕಿದಾಗ. ಆ ಪೇಜ್ ಹಸರ ಐತೋ ಇಲ್ಲೋ?”

ನಾಣಿ ತಲೆಯೆತ್ತಿ ನೋಡಿದ. ಆ ಪುಟ ಈಗಷ್ಟೇ ಹಸಿರಾಗಿತ್ತು. ಅದನ್ನು ಹಸಿರು ಮಾಡಿದವನೂ ಅವನೇ.

ಅದರ ಪಕ್ಕದಲ್ಲಿ ಇಡೀ ಗೋಡೆಗೆ ಒಂದೇ ಒಂದು ಕೆಂಪು ಉಳಿದಿತ್ತು. ‘ನಾಣಿಗೆ ದಸರಾ ರಜೆ’ ಎಂಬ ಪುಟದ ನೆತ್ತಿಯ ಮೇಲೆ, ಅವನೇ ಕೈಯಾರೆ ಬರೆದ ಮಾತು ಕಾಣುತ್ತಿತ್ತು: ‘ಮುಂದಿನ ಪೂಜೆಗೆ ನೋಡೋಣ.’